ಪಟ್ಟಿಗೆ ಬಾರದ ಹೆಸರುಗಳು

ಆಸ್ಪತ್ರೆಗೆ ಹೊರಟವರನ್ನು ನಮ್ಮಲ್ಲಿ ಮೊದಲು ಕೇಳುವ ಪ್ರಶ್ನೆ: ‘ಅಲ್ಲಿ ಯಾರಾದ್ರೂ ಗೊತ್ತಿದ್ದಾರಾ?’ ಕಾಯಿಲೆ ಏನೆಂಬುದು ಆಮೇಲಿನ ಮಾತು.

ಚಿಕಿತ್ಸೆ ಯಾರಿಗೆ ಮೊದಲು ಎಂಬ ಪ್ರಶ್ನೆ ನಮ್ಮಲ್ಲಷ್ಟೇ ಎದ್ದದ್ದಲ್ಲ. 1962ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಡಯಾಲಿಸಿಸ್ ಕೇಂದ್ರವೊಂದು ಶುರುವಾಯಿತು. ಎರಡು ವರ್ಷ ಮೊದಲು ಅಲ್ಲಿನ ವೈದ್ಯ ಬೆಲ್ಡಿಂಗ್ ಸ್ಕ್ರಿಬ್ನರ್, ತೋಳಿನ ರಕ್ತನಾಳಕ್ಕೆ ಜೋಡಿಸಿಯೇ ಬಿಡಬಹುದಾದ ಟೆಫ್ಲಾನ್ ನಳಿಕೆಯನ್ನು ರೂಪಿಸಿದ್ದರು. ಕಿಡ್ನಿ ಪೂರ್ತಿ ಕೆಟ್ಟವರೂ ವರ್ಷಗಟ್ಟಲೆ ಬದುಕುವ ದಾರಿ ತೆರೆಯಿತು. ಯಂತ್ರಗಳು ಮಾತ್ರ ಬೆರಳೆಣಿಕೆಯಷ್ಟು. ಯಾರಿಗೆ ಕೊಡಬೇಕೆಂದು ತೀರ್ಮಾನಿಸಲು ಏಳು ಜನರ ಸಮಿತಿ ಕೂತಿತು: ಪಾದ್ರಿ, ವಕೀಲ, ಬ್ಯಾಂಕಿನವರು, ಗೃಹಿಣಿ, ಕಾರ್ಮಿಕ ಮುಖಂಡ, ಸರ್ಕಾರಿ ಅಧಿಕಾರಿ, ಶಸ್ತ್ರವೈದ್ಯ. ಅವರ ಹೆಸರುಗಳು ಗುಟ್ಟಾಗಿದ್ದವು. ರೋಗಿಗೆ ಮಕ್ಕಳೆಷ್ಟು, ಓದೆಷ್ಟು, ಆಸ್ತಿಯೆಷ್ಟು, ಚರ್ಚಿಗೆ ಹೋಗುವ ರೂಢಿಯಿದೆಯೇ ಎಂದೆಲ್ಲ ಅವರು ತೂಗಿ ನೋಡಿದರು. ಪತ್ರಕರ್ತೆ ಶಾನಾ ಅಲೆಕ್ಸಾಂಡರ್ ಅದನ್ನು ‘ಲೈಫ್’ ಪತ್ರಿಕೆಯಲ್ಲಿ ಬಯಲಿಗಿಟ್ಟಾಗ ಓದುಗರು ಬೆಚ್ಚಿದರು. ಮನೆಮಠವಿಲ್ಲದೆ ಊರೂರು ಅಲೆಯುವ ಜಂಗಮನಿಗೆ ಅಲ್ಲಿ ಎಷ್ಟು ಅಂಕ ಸಿಗುತ್ತಿತ್ತೋ!

ಆ ಏಳು ಜನರನ್ನು ಬೈಯುವುದು ಸುಲಭ. ಆದರೆ ಅವರ ಮೇಜಿಗೆ ಅರ್ಜಿ ಬರುವ ಮೊದಲೇ ಜರಡಿ ಆಡಿಸಿಯಾಗಿತ್ತು. ಮಕ್ಕಳಿಗೆ, 45 ದಾಟಿದವರಿಗೆ, ಖರ್ಚು ತೂಗಿಸಲಾರದವರಿಗೆ ಅವಕಾಶವಿರಲಿಲ್ಲ. 1972ರ ಕಾನೂನು ಡಯಾಲಿಸಿಸ್ ವೆಚ್ಚವನ್ನು ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ಸೇರಿಸಿದ ಮೇಲೆ ಇಂಥ ಸಮಿತಿಗಳಿಗೆ ಕೆಲಸವೇ ಉಳಿಯಲಿಲ್ಲ. ವಿಧಿಯೆಂದು ಕಂಡಿದ್ದ ಕೊರತೆಯ ಬಹುಪಾಲು ದುಡ್ಡಿನ ಕೊರತೆಯಾಗಿತ್ತು.

‘ವೈದ್ಯಕೀಯ ಕಾರಣ ಮಾತ್ರ ನೋಡಿ’ ಎಂಬ ಮಾತು ನ್ಯಾಯವಾಗಿಯೇ ಕೇಳಿಸುತ್ತದೆ. ಚಿಕಿತ್ಸೆಯಿಂದ ಯಾರಿಗೆ ಹೆಚ್ಚು ಪ್ರಯೋಜನವೋ ಅವರಿಗೆ ಮೊದಲು, ಸರಿ. ಆದರೆ ಚೇತರಿಕೆ ದೇಹದ ಗುಣವೊಂದೇ ಅಲ್ಲ. ಮನೆಯಲ್ಲಿ ಶುದ್ಧ ನೀರಿದೆಯೇ, ನೋಡಿಕೊಳ್ಳುವವರು ಇದ್ದಾರೆಯೇ, ಕಿಡ್ನಿ ಕಸಿಯಾದ ಮೇಲೆ ಜೀವನಪೂರ್ತಿ ಮಾತ್ರೆ ಕೊಳ್ಳಲಾದೀತೇ? ಬಡತನ ಇಲ್ಲಿ ವೈದ್ಯಕೀಯ ಕಾರಣದ ವೇಷ ತೊಟ್ಟು ಬರುತ್ತದೆ. ‘ಮೊದಲು ಬಂದವರಿಗೆ ಮೊದಲು’ ಎಂದರೂ, ಆಸ್ಪತ್ರೆಯ ಪಕ್ಕದ ಬೀದಿಯವರೇ ಮೊದಲು ಬರುವವರು.

ಕರ್ನಾಟಕದಲ್ಲಿ ಮೃತರ ಅಂಗಗಳ ಹಂಚಿಕೆಯನ್ನು ‘ಜೀವಸಾರ್ಥಕತೆ’ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ರಕ್ತದ ಗುಂಪು, ಕಾದ ಕಾಲ ಮುಂತಾದವನ್ನು ಎಣಿಸುವ ಪಟ್ಟಿ ವಶೀಲಿಗಿಂತ ಎಷ್ಟೋ ಮೇಲು. ನಾನು ಅದರ ಪರ. ಆದರೆ ಹೆಸರು ನೋಂದಾಯಿಸಬೇಕಾದದ್ದು ಕಸಿ ಮಾಡುವ ಆಸ್ಪತ್ರೆಯ ಮೂಲಕವೇ. ಕೂಲಿ ಬಿಟ್ಟು ವಾರಕ್ಕೆ ಮೂರು ಸಲ ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆ ಮಲಗುವವರಲ್ಲಿ ಎಷ್ಟು ಮಂದಿ ಅಲ್ಲಿಯವರೆಗೆ ತಲುಪುತ್ತಾರೆ? ಪಟ್ಟಿಯ ಜೊತೆಗೆ ಆ ಲೆಕ್ಕವನ್ನೂ ಪ್ರತಿವರ್ಷ ತಾಲ್ಲೂಕುವಾರು ಪ್ರಕಟಿಸಲಿ.