ಚೀಲ ತೆಗೆಸಿದರೆ ತೀರಿತೇ?

ನಮ್ಮ ಇಟ್ಟಂಗಿಹಾಳದ ಕಡೆ ಹೆಣ್ಣುಮಕ್ಕಳು ನಡುನೋವು, ಬಿಳಿ ಹೋಗುವುದು, ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುವುದು ಎಂದು ಹೇಳಿಕೊಂಡರೆ ಅತ್ತೆಯಿಂದ ಹಿಡಿದು ಪಕ್ಕದ ಮನೆಯವರವರೆಗೆ ಒಂದೇ ಉತ್ತರ: 'ಮಕ್ಕಳಂತೂ ಆಗ್ಯಾವು, ಇನ್ನ ಆ ಚೀಲ ಇಟ್ಕೊಂಡು ಏನ್ ಮಾಡ್ತಿ? ತಗಸಿಬಿಡು.' ಹಲ್ಲು ಕೀಳಿಸುವಾಗಲೂ ಇದಕ್ಕಿಂತ ಹೆಚ್ಚು ಯೋಚನೆ ಮಾಡುತ್ತಾರೆ. ಗರ್ಭಚೀಲವೆಂದರೆ ಮದುವೆ ಮನೆಗೆ ಬಾಡಿಗೆಗೆ ತಂದ ಹಂಡೆ, ಅಡುಗೆ ಮುಗಿದ ಮೇಲೆ ಹೊರಗೆ ಸಾಗಿಸಬೇಕು ಎಂಬಂಥ ಮಾತಿದು. ನನ್ನ ಜಗಳ ಮೊದಲು ಈ ಮಾತಿನ ಜೊತೆಗೇ.

ಇದು ಬರೀ ಬಾಯಿಮಾತಾಗಿ ಉಳಿದಿಲ್ಲ. ಪಕ್ಕದ ಕಲಬುರಗಿ ಜಿಲ್ಲೆಯಲ್ಲಿ ಏನಾಯಿತು ನೋಡಿ. ಹೊಟ್ಟೆನೋವು, ನಡುನೋವು ಎಂದು ಖಾಸಗಿ ಆಸ್ಪತ್ರೆಗೆ ಹೋದ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು, ದಲಿತ ಕೇರಿಗಳ ಹೆಣ್ಣುಮಕ್ಕಳು ಗರ್ಭಚೀಲ ಕಳೆದುಕೊಂಡು ಮನೆಗೆ ಬಂದರು. ಕರ್ನಾಟಕ ಜನಾರೋಗ್ಯ ಚಳವಳಿಯಂಥ ಸಂಘಟನೆಗಳು ಇದನ್ನು ಬೆಳಕಿಗೆ ತಂದ ಮೇಲೆ 2015ರಲ್ಲಿ ಆರೋಗ್ಯ ಇಲಾಖೆಯ ತನಿಖೆ ನಡೆಯಿತು. ಹೊರಬಿದ್ದ ಸಂಖ್ಯೆ 2,200ಕ್ಕೂ ಮೇಲೆ. ಅವರಲ್ಲಿ ಬಹಳಷ್ಟು ಮಂದಿ ಇನ್ನೂ 35 ದಾಟದವರು. ಆಮೇಲೆ? 2017ರ ಫೆಬ್ರವರಿಯಲ್ಲಿ ಅದೇ ಹೆಣ್ಣುಮಕ್ಕಳು ಕೂಲಿ ಬಿಟ್ಟು ಜಿಲ್ಲಾಧಿಕಾರಿ ಕಚೇರಿಯ ಮುಂದೆ ಬಂದು ನ್ಯಾಯ ಕೇಳಬೇಕಾಯಿತು. ತಪ್ಪು ಮಾಡಿದವರು ಹುಡುಕಿಕೊಂಡು ಬರಬೇಕಿದ್ದ ಜಾಗಕ್ಕೆ ಹೊಟ್ಟೆ ಕೊಯ್ಸಿಕೊಂಡವರೇ ಬಂದಿದ್ದರು.

ವೈದ್ಯರೆಲ್ಲ ಕಟುಕರೆಂದು ನಾನು ಹೇಳುತ್ತಿಲ್ಲ. ದೊಡ್ಡ ಗಡ್ಡೆ, ನಿಲ್ಲದ ರಕ್ತಸ್ರಾವ, ಕ್ಯಾನ್ಸರ್ ಇದ್ದಾಗ ಈ ಆಪರೇಷನ್ ಜೀವ ಉಳಿಸುತ್ತದೆ. ಆದರೆ ಬಿಳಿ ಹೋಗುವುದು ಸಾಮಾನ್ಯವಾಗಿ ಸೋಂಕಿನಿಂದ, ಅದಕ್ಕೆ ಗುಳಿಗೆ ಇದೆ. ಹೆಚ್ಚು ರಕ್ತ ಹೋಗುವುದಕ್ಕೂ ಮೊದಲು ಕೊಡಬೇಕಾದ ಔಷಧಗಳಿವೆ. ಅದ್ಯಾವುದನ್ನೂ ನೋಡದೆ ಸ್ಕ್ಯಾನಿಂಗ್ ಚೀಟಿ ತೋರಿಸಿ 'ಬಿಟ್ಟರೆ ಕ್ಯಾನ್ಸರ್ ಆಗುತ್ತೆ' ಎಂದು ಒಂದು ಮಾತು ಹೇಳಿದರೆ ಸಾಕು, ಓದು ಬಾರದ ತಾಯಿ ಕಿವಿಯಲ್ಲಿರುವ ಬೆಂಡೋಲೆ ಅಡವಿಟ್ಟಾದರೂ ಬರುತ್ತಾಳೆ. ಚೀಲದ ಜೊತೆ ಅಂಡಾಶಯವನ್ನೂ ತೆಗೆದರೆ ಮೂವತ್ತು ಚಿಲ್ಲರೆ ವಯಸ್ಸಿಗೇ ಮುಟ್ಟು ನಿಂತವಳ ಮೈ ಆಗುತ್ತದೆ. ಬೆಂಕಿ ಹತ್ತಿದಂಥ ಉರಿ, ಸವೆಯುವ ಎಲುಬು, ಹೃದ್ರೋಗದ ಭಯ. ಇದನ್ನು ಸಹಿಗೆ ಮುಂಚೆ ಯಾರೂ ಹೇಳುವುದಿಲ್ಲ. ಸಹಿಯೆಲ್ಲಿ ಬಂತು, ಹೆಬ್ಬೆಟ್ಟು.

'ಅಯ್ಯ, ಅವರೇ ಬಂದು ಕೇಳ್ತಾರ್ರೀ' ಎನ್ನುವವರಿದ್ದಾರೆ. ಇದಕ್ಕೆ ಬೀಡ್ ಜಿಲ್ಲೆಯ ಕಡೆ ಕೈ ತೋರಿಸುತ್ತೇನೆ. ಕಬ್ಬು ಕಡಿಯುವ ಹೆಣ್ಣುಮಕ್ಕಳ ಗರ್ಭಚೀಲದ ಸುದ್ದಿ 2019ರಲ್ಲಿ ಮಹಾರಾಷ್ಟ್ರ ವಿಧಾನಮಂಡಲದವರೆಗೆ ಹೋಯಿತು. ಮೂರು ವರ್ಷದಲ್ಲಿ ಅದೊಂದೇ ಜಿಲ್ಲೆಯಲ್ಲಿ 4,605 ಆಪರೇಷನ್. ಅಲ್ಲಿ ಗಂಡ ಹೆಂಡತಿ ಸೇರಿ ಒಂದು ಕೊಯ್ತಾ. ಒಬ್ಬರು ಒಂದು ದಿನ ತಪ್ಪಿಸಿದರೂ ಮುಕಾದಮ ದಂಡ ಹಿಡಿಯುತ್ತಾನೆ. ಹೊಲದಲ್ಲಿ ಶೌಚಾಲಯವಿಲ್ಲ, ತೊಳೆಯಲು ನೀರಿಲ್ಲ. ಹೀಗಿರುವಾಗ ಮುಟ್ಟೇ ಬೇಡ ಎಂದು ಅವಳು ಕೇಳಿದರೆ ಅದು ಅವಳ ಇಷ್ಟವೇ? ನಮ್ಮ ವಿಜಯಪುರದ ತಾಂಡಾಗಳಿಂದಲೂ ಪ್ರತಿವರ್ಷ ಜನ ಮಹಾರಾಷ್ಟ್ರಕ್ಕೆ ಗುಳೆ ಹೋಗುತ್ತಾರೆ. ಅಷ್ಟು ದೂರವೇಕೆ, ತಿಕೋಟಾದ ದ್ರಾಕ್ಷಿ ತೋಟಗಳಲ್ಲಿ ದಿನವಿಡೀ ನಿಂತು ದುಡಿಯುವವಳು ಬಟ್ಟೆ ಬದಲಿಸಲು ಎಲ್ಲಿ ಮರೆ ಹುಡುಕುತ್ತಾಳೆಂದು ತೋಟದ ಯಜಮಾನರು ಯೋಚಿಸಿದ್ದಾರಾ?

ಗಂಡಸರ ಮಾತೂ ಒಂದಿಷ್ಟು ಬರಲಿ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿ ಸಂತಾನಶಕ್ತಿ ಹರಣದ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಲೆಕ್ಕ ಸೊನ್ನೆಯ ಆಸುಪಾಸು. ಗಂಡಸಿಗೆ ಹೊಲಿಗೆಯೂ ಇಲ್ಲದ, ಅದೇ ದಿನ ಮನೆಗೆ ನಡೆದುಕೊಂಡು ಹೋಗುವ ಚಿಕಿತ್ಸೆ ಇದೆ. ಆದರೆ 'ಅವರು ದುಡಿಯೋರು, ಶಕ್ತಿ ಹೋದರೆ ಹೆಂಗ?' ಎಂದು ಹೆಂಡತಿಯೇ ಅಡ್ಡ ನಿಲ್ಲುತ್ತಾಳೆ. ಬಿಸಿಲಲ್ಲಿ ಅವಳು ಮಾಡುವುದು ದುಡಿಮೆಯಲ್ಲವೇನೋ! ಮೊದಲು ಆ ಆಪರೇಷನ್, ಆಮೇಲೆ ಈ ಆಪರೇಷನ್. ಕತ್ತರಿ ಬೀಳುವುದು ಒಂದೇ ಮೈಮೇಲೆ.

2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟ್ ಡಾ. ನರೇಂದ್ರ ಗುಪ್ತಾ ಅವರ ಅರ್ಜಿಯ ಮೇಲೆ ತೀರ್ಪು ಕೊಟ್ಟು, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿ ಮಾಡಿ ಎಂದು ಎಲ್ಲ ರಾಜ್ಯಗಳಿಗೆ ಹೇಳಿತು. ಮಾರ್ಗಸೂಚಿಯಲ್ಲಿ ಜಿಲ್ಲೆಗೊಂದು ಉಸ್ತುವಾರಿ ಸಮಿತಿ ಇದೆ. 40 ವರ್ಷದೊಳಗಿನವರ ಪ್ರಕರಣಗಳ ಮೇಲೆ ವಿಶೇಷ ನಿಗಾ ಇಡಬೇಕೆಂದಿದೆ. ಹಾಗಾದರೆ ಮಹಿಳಾ ದಿನದಂದು ಶಾಲು ಹೊದಿಸುವ ನಮ್ಮ ಜಿಲ್ಲೆಯ ಮುಖಂಡರಿಗೆ ಕೇಳುತ್ತೇನೆ: ವಿಜಯಪುರದ ಆ ಸಮಿತಿಯಲ್ಲಿ ಯಾರಿದ್ದಾರೆ, ಎಷ್ಟು ಸಲ ಸೇರಿದ್ದಾರೆ, ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ಲೆಕ್ಕ ಎಲ್ಲಿದೆ? ಗ್ರಾಮಸಭೆಯಲ್ಲಿ ಚರಂಡಿಯ ಬಿಲ್ಲು ಓದುತ್ತೀರಿ. ಅದರ ಜೊತೆಗೆ ಹೆಸರು ಬೇಡ, ಈ ವರ್ಷ ಎಷ್ಟು ಮಂದಿಗೆ, ಯಾವ ವಯಸ್ಸಿಗೆ, ಸರ್ಕಾರಿ ಆಸ್ಪತ್ರೆಯಲ್ಲೋ ಖಾಸಗಿಯಲ್ಲೋ ಎಂಬ ಸಂಖ್ಯೆಯನ್ನಷ್ಟೇ ಓದಿ. ನಮ್ಮೂರಿನ ಹೆಣ್ಣುಮಕ್ಕಳಿಗೂ ಒಂದು ಮಾತು: ತಗಸಿರಿ ಎಂದವರನ್ನು 'ಮೊದಲು ಔಷಧ ಕೊಟ್ಟು ನೋಡಬಾರದೇನ್ರೀ?' ಎಂದು ಕೇಳಿ, ಕಾಗದವನ್ನೆಲ್ಲ ಕೈಗೆ ಇಸಿದುಕೊಂಡು, ಇನ್ನೊಬ್ಬ ಡಾಕ್ಟರಿಗೆ ತೋರಿಸಿ ಆಮೇಲೆ ಹೆಬ್ಬೆಟ್ಟು ಒತ್ತಿ.