ಹೊಸ ಶಾನುಭೋಗ

1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದರು. ಅವರ ಮಂತ್ರಿಗಿರಿ ಹೋಯಿತು. ನಮ್ಮ ಹುಡುಗರ ಬೆನ್ನಿಗೆ ಏಟು ಬಿತ್ತು. ಇವತ್ತು ಆ ಕತೆ ಕೇಳಿದರೆ ಎಐ ಎಂಬ ಹೊಸ ಶಾನುಭೋಗ ಅಂತರ್ಜಾಲ ಜಾಲಾಡಿ, ನಾಲ್ಕು ಪುಟ ತೆರೆದು, ಸಾರ ಬಸಿದು ಬಡಿಸುತ್ತಾನೆ. ಆ ಪುಟ ಬರೆದವರು ಯಾರು? ಹೊಡೆದವರೋ, ಏಟು ತಿಂದವರೋ? ನಮ್ಮ ಕರಪತ್ರಗಳು ಟ್ರಂಕಿನಲ್ಲಿ ಗೆದ್ದಲು ಹಿಡಿಯುತ್ತಿವೆ. ಅವು ಅವನಿಗೆ ಸಿಗೋದಿಲ್ಲ. ಕಡತದಲ್ಲಿಲ್ಲದ್ದು ನಡೆದೇ ಇಲ್ಲ ಅನ್ನೋದು ಶಾನುಭೋಗರ ಹಳೇ ಚಾಳಿ.

ಗೆಳೆಯರೇ, ಮೇಷ್ಟ್ರೇ, ಈ ಯಂತ್ರಕ್ಕೆ ನಾವು ಹೆದರೋದೂ ಬೇಡ, ಕೈಮುಗಿಯೋದೂ ಬೇಡ. ಉತ್ತರ ಬಂದ ಕೂಡಲೇ ‘ಯಾವ ಪುಟ, ಯಾರು ಬರೆದದ್ದು?’ ಅಂತ ಕೇಳೋಣ. ಆ ಪುಟ ತೆರೆದು ನಾವೇ ಓದೋಣ. ಟ್ರಂಕು ಬಿಚ್ಚಿ, ಕರಪತ್ರಗಳನ್ನು ಯುನಿಕೋಡಿನಲ್ಲಿ ಟೈಪು ಮಾಡಿ ಜಾಲಕ್ಕೆ ಏರಿಸೋಣ. ಇಲ್ಲದಿದ್ದರೆ ನಮ್ಮ ಚರಿತ್ರೆಯನ್ನೂ ಅದು ಹೊಡೆದವರನ್ನೇ ಕೇಳಿ ಹೇಳುತ್ತದೆ.