ನೋಡಲು ಏನೂ ಇಲ್ಲದ ಸೀಮೆ

ಚಿತ್ರದುರ್ಗದ ಕೋಟೆ ನೋಡಲು ಬಂದ ಬಸ್ಸುಗಳು ಕೋಟೆ ಮುಗಿಸಿ ಹಾಗೇ ಹಿಂದಿರುಗುತ್ತವೆ. ಅಲ್ಲಿಂದ ಈಶಾನ್ಯಕ್ಕೆ, ಚಳ್ಳಕೆರೆ ದಾಟಿ ಮೊಳಕಾಲ್ಮೂರಿನವರೆಗೆ ಹೋಗುವವರು ರೇಷ್ಮೆ ಸೀರೆ ಕೊಳ್ಳುವವರು, ಶೇಂಗಾ ಮತ್ತು ಎಣ್ಣೆ ವ್ಯಾಪಾರದವರು, ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರಿಗೆ ಹೊರಟ ಭಕ್ತರು, ಬಳ್ಳಾರಿ ಕಡೆಯ ಲಾರಿಯವರು. ಪ್ರವಾಸಿಗರು ಎನ್ನಬಹುದಾದವರು ತೀರಾ ಕಡಿಮೆ. ನಿಮ್ಮ ಕಡೆ ನೋಡುವಂಥದ್ದು ಏನಿದೆ ಎಂದು ಕೇಳಿದರೆ ಊರಿನವರೇ ಕೈಯಾಡಿಸಿ, ಕಲ್ಲು, ಜಾಲಿ, ಬಿಸಿಲು ಎಂದು ಮುಗಿಸಿಬಿಡುತ್ತಾರೆ. ಈ ಉತ್ತರವನ್ನು ನಾವೆಲ್ಲ ಆ ನೆಲದ ವರ್ಣನೆಯೆಂದೇ ಒಪ್ಪಿಕೊಂಡಿದ್ದೇವೆ. ನನಗಾದರೋ ಅದು ನೆಲಕ್ಕಿಂತ ಹೆಚ್ಚಾಗಿ ನೋಡುವವರ ರೂಢಿಯನ್ನು ಹೇಳುವ ಮಾತು ಎನಿಸುತ್ತದೆ. ಮಾತು ಹಗುರವಾಗಿ ಕಂಡರೂ ಅದಕ್ಕೆ ತೆರಬೇಕಾದ ಬೆಲೆ ಹಗುರವಲ್ಲ. ನೋಡಲು ಏನೂ ಇಲ್ಲ ಎನಿಸಿಕೊಂಡ ಸೀಮೆ ಬಹುಬೇಗ ಖಾಲಿ ಸೀಮೆ ಎನಿಸಿಕೊಳ್ಳುತ್ತದೆ. ಖಾಲಿ ಎಂದಾದ ಮೇಲೆ ಅದನ್ನು ಯಾರಿಗೆ ಬೇಕಾದರೂ ಬರೆದುಕೊಡಬಹುದು.

ಜಗತ್ತೇ ಮುಗಿಬಿದ್ದು ನೋಡುವ ಒಂದು ಒಣಸೀಮೆಯನ್ನು ಪಕ್ಕಕ್ಕಿಟ್ಟುಕೊಂಡರೆ ವಿಷಯ ಸ್ಪಷ್ಟವಾದೀತು. ಗ್ರೀಸಿನ ಸೈಕ್ಲಡೀಸ್ ದ್ವೀಪಗಳನ್ನೇ ತೆಗೆದುಕೊಳ್ಳಿ. ಅವುಗಳಲ್ಲೊಂದಾದ ಸ್ಯಾಂಟೊರಿನಿಯಲ್ಲಿ ವರ್ಷಕ್ಕೆ ಬೀಳುವ ಮಳೆ 400 ಮಿಲಿಮೀಟರನ್ನೂ ಮುಟ್ಟುವುದಿಲ್ಲ. ರಾಜ್ಯದಲ್ಲೇ ಅತಿ ಕಡಿಮೆ ಮಳೆಯ ತಾಲ್ಲೂಕುಗಳಲ್ಲಿ ಒಂದಾದ ಚಳ್ಳಕೆರೆಗೂ ಇದಕ್ಕಿಂತ ಹೆಚ್ಚು ಬೀಳುತ್ತದೆ. ಆ ದ್ವೀಪಗಳ ಗುಡ್ಡಗಳ ಮೇಲೆ ಮೊಣಕಾಲೆತ್ತರದ ಮುಳ್ಳುಗಂಟಿ, ಮೇಯುವ ಆಡುಗಳು, ಕಲ್ಲು ಪೇರಿಸಿ ಒಡ್ಡು ಕಟ್ಟಿದ ಕಿರಿದಾದ ಹೊಲಗಳು, ಬಿಡದೆ ಬೀಸುವ ಗಾಳಿ. ಅಲ್ಲಿನ ಯಾವ ಪ್ರವಾಸಿ ಕೈಪಿಡಿಯೂ ಇದನ್ನು ಬರಡು ಎಂದು ಕರೆಯುವುದಿಲ್ಲ. ಸಮುದ್ರವಿದೆಯಲ್ಲ, ಅದನ್ನು ಬಿಟ್ಟು ಹೋಲಿಸಿದರೆ ಹೇಗೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ 1956ರ ಜುಲೈಯಲ್ಲಿ ಭೂಕಂಪವಾಗಿ ಸ್ಯಾಂಟೊರಿನಿಯ ಮನೆಗಳು ಕುಸಿದಾಗ, ಜನ ಊರು ತೊರೆದು ಅಥೆನ್ಸಿನ ಕಡೆ ಗುಳೆ ಹೋದಾಗಲೂ ಆ ಸಮುದ್ರ ಅಷ್ಟೇ ನೀಲಿಯಾಗಿತ್ತು. ಜ್ವಾಲಾಮುಖಿಯ ಬೂದಿ ಗಟ್ಟಿಯಾದ ದಿಬ್ಬಗಳಲ್ಲಿ ಕೊರೆದ ಗುಹೆಯಂಥ ಮನೆಗಳು ಬಡವರ ಮನೆಗಳಾಗಿದ್ದವು. ಅವೇ ಮನೆಗಳಿಗೆ ಮುಂದೆ ಸುಣ್ಣ ಬಳಿದು, ಗ್ರೀಸಿನ ಪ್ರವಾಸೋದ್ಯಮ ಸಂಸ್ಥೆ ಜೀರ್ಣೋದ್ಧಾರ ಮಾಡಿಸಿ, ಕ್ಯಾಮೆರಾಗಳು ಒಂದೇ ಕೋನದಿಂದ ಲಕ್ಷಾಂತರ ಬಾರಿ ತೋರಿಸಿದ ಮೇಲೆ ಇಂದು ಒಂದು ರಾತ್ರಿಗೆ ಸಾಮಾನ್ಯ ಸಂಬಳದವರು ಮುಟ್ಟಲಾಗದ ಬಾಡಿಗೆ. ನೆಲ ಬದಲಾಗಲಿಲ್ಲ. ನಿಂತು ನೋಡಲು ಒಂದು ಜಾಗ, ನೋಡುವ ಹೊತ್ತು, ಹೇಳಲು ಒಂದು ಕಥೆ ಹುಟ್ಟಿಕೊಂಡವು. ನೋಟ ಎನ್ನುವುದು ಪ್ರಕೃತಿ ಕೊಟ್ಟದ್ದು ಅರ್ಧ, ಮನುಷ್ಯರು ಕಟ್ಟಿಕೊಂಡದ್ದು ಇನ್ನರ್ಧ.

ಹಾಗಾದರೆ ಮೊಳಕಾಲ್ಮೂರಿನಲ್ಲಿ ಕಟ್ಟಿಕೊಳ್ಳಲು ಸಾಮಗ್ರಿ ಇದೆಯೇ? ಮೊದಲು ಕಲ್ಲನ್ನೇ ನೋಡೋಣ. ರಾಮನಗರದ ಹಳೆಯ ಹೆಸರಿನಿಂದ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ ಶಿಲೆಯ ಪಟ್ಟಿ ಪಾವಗಡ, ರಾಯದುರ್ಗದ ಬದಿಯಿಂದ ಈ ತಾಲ್ಲೂಕನ್ನು ಹಾಯ್ದು ಉತ್ತರಕ್ಕೆ ಹೋಗುತ್ತದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಸ್ಯಾಂಟೊರಿನಿಯ ಪ್ರಸಿದ್ಧ ಪ್ರಪಾತಕ್ಕೆ ಇಂದಿನ ರೂಪ ಕೊಟ್ಟ ಮಹಾಸ್ಫೋಟ ನಡೆದು ಸುಮಾರು 3600 ವರ್ಷವಷ್ಟೇ ಆಯಿತು. ಆ ದ್ವೀಪ ಸಿಡಿಯುವ ಹೊತ್ತಿಗೆ ಇದೇ ತಾಲ್ಲೂಕಿನ ಬ್ರಹ್ಮಗಿರಿಯ ಬುಡದಲ್ಲಿ ಜನ ಕಲ್ಲಿನ ಕೊಡಲಿ ಉಜ್ಜಿ, ದನ ಸಾಕಿಕೊಂಡು ನೆಲೆಸಿದ್ದರು. ಮೈಸೂರಿನ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಇಲ್ಲಿ ಮೊದಲು ಅಗೆದರು. 1947ರಲ್ಲಿ ಮಾರ್ಟಿಮರ್ ವೀಲರ್ ಬಂದು ಪದರ ಪದರವಾಗಿ ಅಗೆದು, ನವಶಿಲಾಯುಗ, ಅದರ ಮೇಲೆ ಬೃಹತ್ ಶಿಲಾ ಸಮಾಧಿಗಳ ಕಾಲ, ಅದರ ಮೇಲೆ ಶಾತವಾಹನರ ಕಾಲ ಎಂದು ದಕ್ಷಿಣ ಭಾರತದ ಪ್ರಾಚೀನತೆಗೆ ಒಂದು ಏಣಿಯನ್ನೇ ಹಾಕಿಕೊಟ್ಟರು. ಆತ ಹಾಕಿದ ಕಾಲಗಣನೆ ಮುಂದೆ ತಿದ್ದುಪಡಿ ಕಂಡಿತು, ನವಶಿಲಾಯುಗ ಇನ್ನೂ ಸಾವಿರ ವರ್ಷಕ್ಕೂ ಹೆಚ್ಚು ಹಿಂದಕ್ಕೆ ಸರಿಯಿತು. ಆದರೂ ಪುರಾತತ್ವ ಓದುವ ವಿದ್ಯಾರ್ಥಿ ಯಾವ ದೇಶದವನಾದರೂ ಬ್ರಹ್ಮಗಿರಿಯ ಹೆಸರು ಓದದೆ ಮುಂದೆ ಹೋಗಲಾರ. ಹಂಪಿಗೆ ಹೋಗುವ ದಾರಿಯಲ್ಲಿ ಇದು ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ಕೇಳಿದರೆ ಬೆಂಗಳೂರಿನ ಪ್ರವಾಸಿಗ ಮಾತ್ರ ತಬ್ಬಿಬ್ಬಾಗುತ್ತಾನೆ.

ಅಲ್ಲಿಯೇ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಇವನ್ನು ಗುರುತಿಸಿದರು. ಒಂದೊಂದಕ್ಕೆ ಕೆಲವೇ ಮೈಲಿಯ ಅಂತರ. ಇವುಗಳಲ್ಲಿ ಸುವರ್ಣಗಿರಿಯ ರಾಜಕುಮಾರ ಮತ್ತು ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳು ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ ಆಮೇಲೆ ರಾಜಾಜ್ಞೆ ತಿಳಿಸುತ್ತಾರೆ: ತಂದೆತಾಯಿಯ ಸೇವೆ ಮಾಡಿ, ಜೀವಿಗಳಲ್ಲಿ ದಯೆ ಇರಲಿ, ಸತ್ಯ ನುಡಿಯಿರಿ, ಶಿಷ್ಯ ಗುರುವನ್ನು ಗೌರವಿಸಲಿ. ಬರೆದ ಲಿಪಿಕಾರ ಚಪಡ ತನ್ನ ಹೆಸರಿನ ಜೊತೆಗೆ ಲಿಪಿಕಾರನೆಂಬ ಮಾತನ್ನು ಖರೋಷ್ಠಿಯಲ್ಲಿ ಕೆತ್ತಿದ. ಉಳಿದದ್ದೆಲ್ಲ ಬ್ರಾಹ್ಮಿ; ಖರೋಷ್ಠಿಯಾದರೋ ಗಾಂಧಾರದ ಕಡೆ, ಈಗಿನ ಪೇಶಾವರದ ಸುತ್ತಲಿನ ಸೀಮೆಯ ಲಿಪಿ. ಇಪ್ಪತ್ಮೂರು ಶತಮಾನಗಳ ಹಿಂದೆ ವಾಯುವ್ಯದ ಮೂಲೆಯ ಬರಹ ಕಲಿತ ಒಬ್ಬ ನೌಕರ ಮೊಳಕಾಲ್ಮೂರಿನ ಬಿಸಿಲಲ್ಲಿ ಕೂತು, ಯಾರೂ ಓದಲಾರರೆಂದು ಗೊತ್ತಿದ್ದೂ ತನ್ನ ವಿದ್ಯೆಯ ಗುರುತು ಬಿಟ್ಟುಹೋಗಿದ್ದಾನೆ. ಸರ್ಕಾರಿ ನೌಕರನ ಈ ಸಣ್ಣ ಜಂಬಕ್ಕಿಂತ ಜೀವಂತವಾದ ಪ್ರೇಕ್ಷಣೀಯ ವಸ್ತು ರಾಜ್ಯದಲ್ಲಿ ಎಷ್ಟಿವೆ ಎಂದು ನನಗೆ ಅನುಮಾನವೇ. ಆದರೆ ಬಂಡೆಯ ಮುಂದೆ ನಿಂತವನಿಗೆ ಇದನ್ನು ಹೇಳುವವರು ಬೇಕು. ಹೇಳುವವರಿಲ್ಲದಿದ್ದರೆ ಅದು ಗೀರುಬಿದ್ದ ಕಲ್ಲು.

ಬೆಟ್ಟಬಂಡೆಗಳ ಮಾತು ಹೀಗಾದರೆ, ಬಯಲಿನದು ಇನ್ನೂ ಕಷ್ಟ. ಬೆಟ್ಟಕ್ಕೆ ಎತ್ತರವಾದರೂ ಇದೆ, ಹುಲ್ಲಿಗೆ ಅದೂ ಇಲ್ಲ. ಚಳ್ಳಕೆರೆಯ ಸುತ್ತಲಿನ ಅಮೃತಮಹಲ್ ಕಾವಲುಗಳು ಮೈಸೂರು ಅರಸರ ಕಾಲದಿಂದ ದನಗಳಿಗೆಂದು ಮೀಸಲಾಗಿ ಉಳಿದ ಹುಲ್ಲುಗಾವಲುಗಳು. ತೋಪು ಎಳೆಯುವ ಎತ್ತುಗಳ ತಳಿ ಬೆಳೆದದ್ದು ಇಂಥ ಕಾವಲುಗಳಲ್ಲೇ. ಕುರಿಗಳು ಇಲ್ಲೇ ಮೇಯುತ್ತವೆ, ಅವುಗಳ ಉಣ್ಣೆಯೇ ಚಳ್ಳಕೆರೆಯ ಕಂಬಳಿಯಾಗುತ್ತದೆ. ಮ್ಯಾಸನಾಯಕರ ದೇವರ ಎತ್ತುಗಳು ಅವನ್ನು ಕಾಯುವ ಕಿಲಾರಿಗಳೊಂದಿಗೆ ಅಲೆಯುವುದೂ ಇಂಥ ಬಯಲಲ್ಲಿ. ಕೃಷ್ಣಮೃಗ, ತೋಳ, ನರಿ, ನೆಲದ ಮೇಲೇ ಮೊಟ್ಟೆ ಇಡುವ ಹಕ್ಕಿಗಳು ಬದುಕುವುದಕ್ಕೆ ಮರವಿಲ್ಲದ ಈ ತೆರಪೇ ಬೇಕು. ಆದರೆ ದೇಶದ ಪಾಳುಭೂಮಿ ನಕ್ಷೆಯಲ್ಲಿ ಕುರುಚಲು ನೆಲಕ್ಕೆಂದೇ ಒಂದು ವರ್ಗವಿದೆ, ಅಂದರೆ ಲೆಕ್ಕದಲ್ಲಿ ಇಂಥ ನೆಲ ಪಾಳು. 2009–10ರ ಸುಮಾರಿಗೆ ದೊಡ್ಡಉಳ್ಳಾರ್ತಿ, ಖುದಾಪುರ, ವರವು ಕಾವಲುಗಳ ಸುಮಾರು 10,000 ಎಕರೆ ರಕ್ಷಣಾ ಸಂಶೋಧನೆ, ಅಣು ಸಂಶೋಧನೆ, ಬಾಹ್ಯಾಕಾಶ, ಭಾರತೀಯ ವಿಜ್ಞಾನ ಸಂಸ್ಥೆ ಮುಂತಾದವುಗಳ ಪಾಲಾಯಿತು. ದನಕುರಿ ಮೇಯಿಸುವವರಿಗೆ ವಿಷಯ ಮನದಟ್ಟಾದದ್ದು ಗೋಡೆ, ಬೇಲಿ ಏಳಲಾರಂಭಿಸಿದಾಗ. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು.

ವಿಜ್ಞಾನಕ್ಕೆ ಜಾಗ ಬೇಡವೇ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. 2023ರ ಏಪ್ರಿಲ್‌ನಲ್ಲಿ ಇಸ್ರೋದ ಮರುಬಳಕೆಯ ಉಡ್ಡಯನ ವಾಹನ ಹೆಲಿಕಾಪ್ಟರಿನಿಂದ ಬಿಡುಗಡೆಯಾಗಿ ತಾನೇ ಬಂದಿಳಿದದ್ದು ಚಳ್ಳಕೆರೆಯ ರನ್‌ವೇ ಮೇಲೆ. ಅಂಥ ಪ್ರಯೋಗಕ್ಕೆ ಜನವಸತಿಯಿಂದ ದೂರದ, ಸಮತಟ್ಟಾದ, ಮಳೆಮೋಡ ಕಡಿಮೆಯಿರುವ ಬಯಲೇ ಬೇಕು. ನನ್ನ ತಕರಾರು ಪ್ರಯೋಗದ ಮೇಲಲ್ಲ. ಇಷ್ಟೇ ವಿಸ್ತಾರದ ಪಶ್ಚಿಮಘಟ್ಟದ ಕಾಡನ್ನು ಕೊಡುವ ಮಾತು ಬಂದಿದ್ದರೆ ರಾಜ್ಯದ ಪ್ರತಿ ಮನೆಯಲ್ಲೂ ಚರ್ಚೆಯಾಗುತ್ತಿತ್ತು, ಯಾಕೆಂದರೆ ಕುದುರೆಮುಖವನ್ನೋ ಆಗುಂಬೆಯನ್ನೋ ಪ್ರತಿ ಮನೆಯಲ್ಲೂ ಒಬ್ಬರು ನೋಡಿರುತ್ತಾರೆ. ಕಾವಲನ್ನು ನೋಡಿದವರು ಅಲ್ಲಿ ದನ ಮೇಯಿಸುವವರು ಮಾತ್ರ. ನೋಡಿದವರೆಲ್ಲ ಉಳಿಸುತ್ತಾರೆಂಬ ಖಾತರಿಯೇನೂ ಇಲ್ಲ. ಆದರೆ ಕಳೆದುಕೊಂಡದ್ದು ಏನೆಂದು ಕೇಳುವುದಕ್ಕಾದರೂ ಒಮ್ಮೆ ಕಂಡಿರಬೇಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ನೋಡುವುದೇ ಹಾಳುಮಾಡುವುದು. ಇದಕ್ಕೆ ಸಾಕ್ಷಿಯನ್ನೂ ಗ್ರೀಸೇ ಒದಗಿಸುತ್ತದೆ. ರೋಡ್ಸ್ ದ್ವೀಪದಲ್ಲಿ ಚಿಟ್ಟೆಗಳ ಕಣಿವೆ ಎಂದು ಹೆಸರಾದ ಒಂದು ತಂಪು ಕಣಿವೆಯಿದೆ. ವಾಸ್ತವದಲ್ಲಿ ಅವು ಪತಂಗಗಳು. ಬೇಸಿಗೆ ಕಳೆಯಲು ಸಾವಿರಾರು ಸಂಖ್ಯೆಯಲ್ಲಿ ಬಂದು ಮರಗಳಿಗೆ ಅಂಟಿಕೊಂಡು ಅಲುಗಾಡದೆ ಕೂರುತ್ತವೆ. ಆ ದಿನಗಳಲ್ಲಿ ಅವು ಮೈಯಲ್ಲಿ ಕೂಡಿಟ್ಟ ಕೊಬ್ಬಿನಿಂದಲೇ ಜೀವ ಹಿಡಿದಿರಬೇಕು. ಪ್ರವಾಸಿಗರು ಚಪ್ಪಾಳೆ ತಟ್ಟಿ, ಸಿಳ್ಳೆ ಹಾಕಿ ಅವನ್ನು ಒಮ್ಮೆಲೇ ಹಾರಿಸಿ ಕೆಂಪು ರೆಕ್ಕೆಗಳನ್ನು ನೋಡುತ್ತಿದ್ದರು. ಪ್ರತಿ ಚಪ್ಪಾಳೆಗೂ ಕೊಬ್ಬು ಕರಗಿತು, ಪತಂಗಗಳು ಕಡಿಮೆಯಾದವು, ಈಗ ಅಲ್ಲಿ ಸದ್ದು ಮಾಡುವುದಕ್ಕೆ ನಿಷೇಧ. ಸ್ಯಾಂಟೊರಿನಿ ವಿಹಾರ ಹಡಗುಗಳಲ್ಲಿ ಬರುವವರ ಸಂಖ್ಯೆಗೆ ದಿನಕ್ಕೆ 8,000ದ ಮಿತಿ ಹಾಕಿಕೊಳ್ಳಬೇಕಾಯಿತು. ನಮ್ಮಲ್ಲೂ 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಸಂತೆಯಂತೆ ಜನ ನೆರೆದ ಚಿತ್ರಗಳು ಹರಿದಾಡಿ, ಅರಣ್ಯ ಇಲಾಖೆ ಚಾರಣವನ್ನೇ ಕೆಲಕಾಲ ನಿಲ್ಲಿಸಿ ಆಮೇಲೆ ಆನ್‌ಲೈನ್ ನೋಂದಣಿ ತಂದಿತು. ಹೊರಗಿನವರು ಮಾತ್ರ ಹಾಳು ಮಾಡುತ್ತಾರೆಂದೂ ತಿಳಿಯಬೇಕಿಲ್ಲ. ಜಟಿಂಗ ರಾಮೇಶ್ವರದ ಶಾಸನದ ಬಂಡೆಗೆ ಬಳೆಗಾರರ ಗುಂಡು ಎಂದೇ ಹೆಸರು. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆಯೇ ಅಂಗಡಿ ಹೂಡುತ್ತಿದ್ದರು, ಗೂಟ ನಿಲ್ಲಿಸಲು ತೋಡಿದ ಕುಳಿಗಳು ಅಕ್ಷರಗಳ ನಡುವೆ ಬಿದ್ದಿವೆ. ಮೂರು ಶಾಸನಗಳಲ್ಲಿ ಅತಿ ಹೆಚ್ಚು ಸವೆದದ್ದು ಅದೇ.

ಹೀಗಾಗಿ ಪ್ರವಾಸಿಗರ ತಲೆ ಎಣಿಸುವ ಪ್ರವಾಸೋದ್ಯಮವನ್ನು ಇಲ್ಲಿಗೆ ತನ್ನಿ ಎಂದು ನಾನು ಹೇಳಲಾರೆ. ರಾಮೇಶ್ವರನ ಬೆಟ್ಟಕ್ಕೆ ರೋಪ್‌ವೇ, ಮೊಳಕಾಲ್ಮೂರಿನ ನುಂಕೆಮಲೆಯ ತಪ್ಪಲಲ್ಲಿ ರೆಸಾರ್ಟ್, ಕಾವಲಿನ ಅಂಚಿನಲ್ಲಿ ಸೆಲ್ಫಿ ಕಟ್ಟೆ ಬಂದರೆ ಗೋಡೆ ಬಂದದ್ದಕ್ಕಿಂತ ಒಳ್ಳೆಯದೇನೂ ಆಗದು. ಹಾನಿಯ ಭಯದಿಂದ ಕಾಣದಂತೆ ಇಡುವುದೂ ರಕ್ಷಣೆಯಲ್ಲ ಎಂಬುದನ್ನು ಕಾವಲುಗಳ ಗತಿಯೇ ತೋರಿಸಿದೆ. ರೋಡ್ಸ್‌ನವರು ಕಣಿವೆಯನ್ನು ಮುಚ್ಚಲಿಲ್ಲ, ಹೇಗೆ ನೋಡಬೇಕೆಂಬ ಕಟ್ಟಳೆ ಮಾಡಿದರು. ಕ್ರೀಟಿನ ಸಮಾರಿಯಾ ಕಮರಿ ಚಳಿಗಾಲದುದ್ದಕ್ಕೂ ಬಾಗಿಲು ಹಾಕಿರುತ್ತದೆ. ಎಲ್ಲವನ್ನೂ ತೋರಿಸಬೇಕೆಂಬ ಹಟವೂ ಬೇಡ. ಚಳ್ಳಕೆರೆ ತಾಲ್ಲೂಕಿನ ಕಾಡುಗೊಲ್ಲರ ಕ್ಯಾತೆದೇವರ ಜಾತ್ರೆಯಲ್ಲಿ ಬಾರೆಮುಳ್ಳಿನ ಗುಡಿಯನ್ನು ಬರಿಗಾಲಲ್ಲಿ ಹತ್ತಿ ಕಳಸ ಕೀಳುತ್ತಾರೆ. ನೋಡಿದವರ ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ಅದರ ಪ್ರೇಕ್ಷಕರು ಯಾರೆಂಬುದನ್ನು ಆ ಜನ ತಮ್ಮೊಳಗೇ ತೀರ್ಮಾನಿಸಿಕೊಂಡಿದ್ದಾರೆ. ಅದನ್ನು ಇಲಾಖೆಯ ಕರಪತ್ರದಲ್ಲಿ ಹಾಕುವ ಮೊದಲು ಅವರನ್ನು ಕೇಳುವುದು ಮರ್ಯಾದೆ.

ಬರದ ಸೀಮೆಯವರಿಗೆ ಬೇಕಾದದ್ದು ನೀರು, ನಿಮ್ಮ ನೋಟವನ್ನು ಕಟ್ಟಿಕೊಂಡು ಏನು ಮಾಡಲಿ ಎನ್ನುವವರಿಗೆ ಚುಟುಕಾದ ಉತ್ತರವಿದೆ: ನೋಟ ನೀರಿಗೆ ಬದಲಿಯಲ್ಲ, ಶೇಂಗಾ ಕೈಕೊಟ್ಟ ವರ್ಷ ಬ್ರಹ್ಮಗಿರಿ ಯಾರ ಸಾಲವನ್ನೂ ತೀರಿಸದು. ಒಂದಷ್ಟು ಮನೆಗಳಿಗೆ ಮೇಲು ಸಂಪಾದನೆಯಾದೀತು, ಅಷ್ಟೆ. ಆ ಸಂಪಾದನೆ ಯಾರ ಕೈ ಸೇರುತ್ತದೆ ಎಂಬುದು ಮಾತ್ರ ನೋಡುವ ಬಗೆಯನ್ನೇ ನಿರ್ಧರಿಸುತ್ತದೆ. ಇದೇ ಸೀಮೆಯ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ತಿಳಿಯದೆ ಸಾವಿರಾರು ಪದಗಳನ್ನು ಹಾಡಿದವರು. ಅವರ ಹಾಡು ಪುಸ್ತಕಕ್ಕೆ ಬಂದದ್ದು ಕೃಷ್ಣಮೂರ್ತಿ ಹನೂರರಂಥ ವಿದ್ವಾಂಸರು ಹಟ್ಟಿಗೆ ಹೋಗಿ ಕೂತು ಕೇಳಿದ್ದರಿಂದ. ಯಾವ ಹುಲ್ಲು ಯಾವ ಮಳೆಗೆ ಚಿಗುರುತ್ತದೆ, ಕರಡಿ ಯಾವ ಗುಡ್ಡದಿಂದ ಇಳಿಯುತ್ತದೆ ಎಂಬುದನ್ನು ಕಿಲಾರಿಗಳೂ ಕುರಿಗಾಹಿಗಳೂ ಹಾಗೆಯೇ ಬಾಯಲ್ಲಿ ಇಟ್ಟುಕೊಂಡಿದ್ದಾರೆ. ಅವರನ್ನು ದಾರಿತೋರುಗರಾಗಿ ನೇಮಿಸಿ ಕೂಲಿ ಕೊಟ್ಟರೆ, ಕೈಯಲ್ಲಿ ಮೈಕು ಹಿಡಿದ ಪೇಟೆಯ ಗೈಡಿಗಿಂತ ಕಡಿಮೆ ಜನರನ್ನು ಹೆಚ್ಚು ಹೊತ್ತು ನಿಲ್ಲಿಸಿಯಾರು. ಈ ಸೀಮೆಗೆ ಅದೇ ಬೇಕು.

ತೊಡಕು ಇರುವುದು ಕ್ಯಾಲೆಂಡರಿನಲ್ಲಿ. ಮುಂಗಾರು ಹಿಂಗಾರುಗಳು ಕೂಡಿಬಂದರೆ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಕಾವಲು ಹಸಿರಾಗಿ, ಆಮೇಲೆ ಹೊಂಬಣ್ಣಕ್ಕೆ ತಿರುಗಿ, ಬೆಳಗಿನ ಹೊತ್ತು ನಡೆಯಲು ಹಿತವಾಗಿರುತ್ತದೆ. ನಮ್ಮ ಶಾಲೆಗಳಿಗೆ ದೊಡ್ಡ ರಜೆ ಸಿಗುವುದು ಮಾತ್ರ ಏಪ್ರಿಲ್–ಮೇ ತಿಂಗಳಲ್ಲಿ, ಬಂಡೆ ಕಾದು ಹುಲ್ಲು ಬೂದಿಬಣ್ಣವಾಗಿ, ಗುಡ್ಡದ ಕರಡಿಗಳು ನೀರು ಹುಡುಕಿ ಊರಿನ ಕಡೆ ಇಳಿಯುವ ಕಾಲದಲ್ಲಿ. ಆ ಎರಡು ತಿಂಗಳು ಗುಡ್ಡದ ದಾರಿಗಳನ್ನು ಮುಚ್ಚಬೇಕು ಎಂದರೆ ಪ್ರವಾಸೋದ್ಯಮ ಇಲಾಖೆ ಒಪ್ಪುವುದು ಕಷ್ಟ, ಹೋಟೆಲಿನವರು ಒಪ್ಪುವುದು ಇನ್ನೂ ಕಷ್ಟ. ದಸರಾ ರಜೆಯನ್ನು ಮೈಸೂರಿಗೇ ಬಿಟ್ಟುಕೊಡದೆ ಅದರಲ್ಲಿ ಎರಡು ದಿನವನ್ನು ಜಿಲ್ಲೆಯ ಶಾಲೆಗಳಾದರೂ ಬ್ರಹ್ಮಗಿರಿಗೂ ಕಾವಲಿಗೂ ತೆಗೆದಿಟ್ಟರೆ ಒಂದು ಆರಂಭವಾದೀತು. ಅದಕ್ಕೆ ಬೇಕಾದದ್ದು ಒಂದು ಬಾಡಿಗೆ ಬಸ್ಸು, ಚಪಡನ ಕಥೆ ಗೊತ್ತಿರುವ ಒಬ್ಬ ಮೇಷ್ಟರು ಮತ್ತು ಮಕ್ಕಳನ್ನು ಬೇಲಿಯ ಈಚೆಗಿನ ಹುಲ್ಲಿನಲ್ಲಿ ನಡೆಸಲು ಒಪ್ಪುವ ಒಬ್ಬ ಕಿಲಾರಿ.